ಹೊನ್ನೂರಮ್ಮನವರಿಗೆ, ನಮಸ್ಕಾರ

ಕೀಲಿ ಸಿಗದೆ ಯಶೋಧರಾ ಟ್ರಂಕಿನ ಕೊಂಡಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದಳು. ಮೂರನೇ ಏಟಿಗೆ ಕೊಂಡಿ ಕಿತ್ತು ಬಂತು. ಪಡಸಾಲೆಯಲ್ಲಿ ಹೆಣದ ಸುತ್ತ ಕೂತಿದ್ದ ಹೆಂಗಸರು ಆ ಸದ್ದಿಗೆ ಅಳು ನಿಲ್ಲಿಸಿ ಒಳಕೋಣೆಯ ಕಡೆ ನೋಡಿದರು.

"ಬಿಳಿ ಸೀರಿ ಸಿಕ್ತೇನವ್ವಾ?" ಬಾಗಿಲಲ್ಲಿ ನಿಂತಿದ್ದ ಸುಂಕಣ್ಣ ಕೇಳಿದ. ಸತ್ತವಳ ತಮ್ಮ ಅವನು, ಯಶೋಧರಾಳ ಸೋದರಮಾವ. "ಲಗೂ ಮಾಡು. ಸಿರುಗುಪ್ಪ ಬಿಟ್ಟು ಕುರುಗೋಡು ಮುಟ್ಟಾಕ ಒಂದು ತಾಸು ಬೇಕು. ಅಲ್ಲಿ ಕುಣಿ ತಗದು ಕುಂತಾರ."

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತ ಹೊನ್ನೂರಮ್ಮ ತಟ್ಟೆಯ ಮುಂದೆಯೇ ವಾಲಿದ್ದಳು. ಎಪ್ಪತ್ಮೂರು ವರ್ಷ. ಮೂವತ್ತಾರು ವರ್ಷ ರಾರಾವಿ ಸುತ್ತಿನ ಹಳ್ಳಿಗಳಲ್ಲಿ ನರ್ಸಾಗಿ ಹೆರಿಗೆ ಮಾಡಿಸಿದವಳು. ಕೆಲಸದ ಬಿಳಿ ಸೀರೆಯುಡಿಸಿ, ಹುಟ್ಟಿದೂರು ಕುರುಗೋಡಿನಲ್ಲಿ ಅವ್ವನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಹೇಳಿಟ್ಟಿದ್ದಳು. ಹೇಳಿದ್ದು ಪಕ್ಕದ ಮನೆಯ ಜಡೆಮ್ಮನಿಗೆ; ಮಗಳಿಗಲ್ಲ.

ಸೀರೆ ಸಿಕ್ಕಿತು. ಅದರ ಕೆಳಗೆ, ಬ್ಯಾಂಡೇಜಿನ ಬಟ್ಟೆಯಲ್ಲಿ ಬಿಗಿದ ಪತ್ರಗಳ ಮೂರು ಕಟ್ಟುಗಳಿದ್ದವು. ಮೇಲೆ ಬಿಡಿಯಾಗಿ, ಅಂಟಿಸಿಟ್ಟ ಒಂದು ಇನ್‌ಲ್ಯಾಂಡ್ ಲೆಟರ್. ಕಟ್ಟಿನೊಳಗಿನ ಅಕ್ಷರ ಯಾರದೆಂದು ಯಶೋಧರಾಳಿಗೆ ಬಿಚ್ಚದೆಯೇ ಗೊತ್ತಾಯಿತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಕೊಟ್ಟೂರಪ್ಪ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳುತ್ತ ಹದಿನೆಂಟು ಪುಸ್ತಕ ಬರೆದು ನಾಡಿಗೆಲ್ಲ ಹೆಸರಾದವರು. ಅವರ ಒಂದು ಕತೆ ಹೈಸ್ಕೂಲಿನ ಪಠ್ಯದಲ್ಲಿತ್ತು. ಕನ್ನಡ ಟೀಚರಾದ ಯಶೋಧರಾ ಅದನ್ನು ಪ್ರತಿವರ್ಷ ಹೇಳಲೇಬೇಕಿತ್ತು. ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು.

"ಬಳ್ಳಾರಿಯಿಂದ ಫೋನ್ ಬಂದಿತ್ತು," ಎಂದಳು ಜಡೆಮ್ಮ, ಸೀರೆ ತೆಗೆದುಕೊಳ್ಳುತ್ತ. "ಮೇಷ್ಟ್ರ ಮನಿಯವರು. ಮಣ್ಣಿಗೆ ನೆಟ್ಟಗ ಕುರುಗೋಡಿಗೇ ಬರ್ತಾರಂತ."

"ಯಾರು ಕರದ್ರು ಅವ್ರನ್ನ?" ಸುಂಕಣ್ಣನ ದನಿ ಏರಿತು. "ಜೀವಮಾನವೆಲ್ಲ ನಮ್ಮಕ್ಕನ ಹೆಸರು ಮಂದಿ ಬಾಯಾಗ ಇಟ್ಟ ಮನುಷ್ಯ. ಜೀವ ಇದ್ದಾಗ ಬರಲಾರದವ ಹೆಣಕ್ಕ ಯಾಕ ಬರಬೇಕು? ನಮ್ಮ ಕೇರಿಗೆ ಕಾಲಿಡಾಕ ನಾ ಬಿಡಂಗಿಲ್ಲ."

"ಬಿಡಬ್ಯಾಡ ಮಾಮ," ಎಂದಳು ಯಶೋಧರಾ.

ಹಾಗೆಂದವಳು ಕಟ್ಟುಗಳನ್ನೂ ಆ ಬಿಡಿ ಪತ್ರವನ್ನೂ ತನ್ನ ವ್ಯಾನಿಟಿ ಬ್ಯಾಗಿಗೆ ತುರುಕಿಕೊಂಡಳು. ಸುಡಬೇಕೋ, ಕುಣಿಗೆ ಹಾಕಬೇಕೋ, ಆಗ ಅವಳಿಗೇ ತಿಳಿದಿರಲಿಲ್ಲ.

*

ಹದಿನೈದನೇ ವಯಸ್ಸಿನಲ್ಲಿ ಅವಳು ಅವ್ವನ ಜೊತೆ ಬಳ್ಳಾರಿಗೆ ಹೋಗಿದ್ದಳು. ಮೇಷ್ಟ್ರಿಗೆ ದೊಡ್ಡ ಪ್ರಶಸ್ತಿ ಬಂದು ಸನ್ಮಾನವಿತ್ತು. ಅವ್ವ ರಜೆ ಹಾಕಿದ್ದಳು. ನಸುಕಿನಲ್ಲೇ ಎದ್ದು ಸಜ್ಜೆ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕುಟ್ಟಿ, ಹೊಸ ಚೀಲದಲ್ಲಿ ಕಟ್ಟಿಕೊಂಡಿದ್ದಳು.

ಕೊನೆಯ ಸಾಲಿನಲ್ಲಿ ಕೂತರು. ಮೇಷ್ಟ್ರು ವೇದಿಕೆಯಿಂದ ತಂದೆಯನ್ನು ನೆನೆದರು, ಗುರುಗಳನ್ನು ನೆನೆದರು, ಹೆಂಡತಿಯನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಪ್ರತಿ ಹೆಸರಿಗೂ ಅವ್ವ ಕುರ್ಚಿಯಂಚಿಗೆ ಸರಿದು ಸರಿದು ಕೂತದ್ದನ್ನು ಮಗಳು ನೋಡಿದಳು.

ಮುಗಿದ ಮೇಲೆ ಬಾಗಿಲ ಬಳಿ ನಿಂತರು. ಹಾರ ಹಾಕಿಕೊಂಡ ಮೇಷ್ಟ್ರು ಗುಂಪಿನ ನಡುವೆ ಬಂದರು. ಅವ್ವನನ್ನು ಕಂಡರು. ಕಂಡದ್ದು ಖಂಡಿತ, ಏಕೆಂದರೆ ಅವರ ಹೆಜ್ಜೆ ನಿಂತಿತು. ಅಷ್ಟರಲ್ಲಿ ಯಾರೋ ಅಧಿಕಾರಿ ಅವರ ಮೊಣಕೈ ಹಿಡಿದು ಕಾರಿನತ್ತ ಕರೆದೊಯ್ದ. ಅವರು ತಿರುಗಿ ನೋಡಲಿಲ್ಲ.

"ಭಾಳ ಮಂದಿ ಇದ್ರು, ಪಾಪ," ಎಂದಳು ಅವ್ವ.

ಬಸ್ಸು ಮೋಕ ಊರು ದಾಟಿದ ಮೇಲೆ ಅವ್ವ ಚೀಲ ಬಿಚ್ಚಿ ರೊಟ್ಟಿ ಚಾಚಿದಳು. ಯಶೋಧರಾ ಮುಖ ತಿರುಗಿಸಿದಳು. ಅವ್ವ ಒಬ್ಬಳೇ ಮುರಿದು ತಿಂದಳು. ಸ್ವಲ್ಪ ಹೊತ್ತಿನ ಮೇಲೆ, "ಚಟ್ನಿಪುಡಿಗೆ ಉಪ್ಪು ಕಮ್ಮಿ ಆಗೈತಿ. ಕೊಡದಿದ್ದದ್ದ ಚಲೋ ಆತು," ಅಂದಳು.

ಆ ಹೊತ್ತಿಗಾಗಲೇ ಯಶೋಧರಾ ನಳದ ಕಟ್ಟೆಯ ಮಾತುಗಳನ್ನು ಕೇಳಿಸಿಕೊಂಡಿದ್ದಳು. ಕೇರಿಯಲ್ಲಿ ಯಾರಿಗೂ ಇಲ್ಲದ ಹೆಸರು ಈ ಹುಡುಗಿಗೆ ಎಲ್ಲಿಂದ ಬಂತು, ಪುಸ್ತಕ ಬರೆಯುವವನೇ ಇಟ್ಟಿರಬೇಕು, ಹೆಸರಷ್ಟೇ ಏನು ಎಂದು ಹೆಂಗಸರು ನಗುತ್ತಿದ್ದರು. ಅಕ್ಕಿ ಗಿರಣಿಯಲ್ಲಿ ಹಮಾಲಿಯಾಗಿದ್ದ ಅಪ್ಪ ಮಾರೆಪ್ಪ ಸತ್ತು ಆಗ ಎರಡು ವರ್ಷವಾಗಿತ್ತು. ಕೇಳೋಣವೆಂದರೆ ಅಪ್ಪನಿರಲಿಲ್ಲ.

*

ವ್ಯಾನು ತೆಕ್ಕಲಕೋಟೆಯ ದಾರಿ ಹಿಡಿಯಿತು. ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ ಬಾಗಿ ನಿಂತಿತ್ತು. ಹೆಣದ ಒಂದು ಮಗ್ಗುಲಿಗೆ ಯಶೋಧರಾ, ಇನ್ನೊಂದು ಮಗ್ಗುಲಿಗೆ ಸುಂಕಣ್ಣ. ರಸ್ತೆಯ ಗುಂಡಿಗೆ ಅವ್ವನ ತಲೆ ಅಲುಗಿದಾಗಲೆಲ್ಲ ಸುಂಕಣ್ಣ ಅಂಗೈ ಒಡ್ಡುತ್ತಿದ್ದ.

ಅವಳು ಮೊದಲ ಕಟ್ಟು ಬಿಚ್ಚಿದಳು.

"ಅವು ಅವನವ ಏನು?" ಎಂದ ಸುಂಕಣ್ಣ.

"ಹೂಂ."

"ಏನ್ ಬರದಾನ?"

ಅವಳು ಎಲ್ಲಕ್ಕಿಂತ ಹಳೆಯದನ್ನು ಎಳೆದುಕೊಂಡಳು. ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿಯದು. ಎರಡು ಸಾಲು ಮನಸ್ಸಿನಲ್ಲೇ ಓದಿದವಳು ಮತ್ತೆ ಮೊದಲಿನಿಂದ, ಗಟ್ಟಿಯಾಗಿ ಓದತೊಡಗಿದಳು.

"ಹೊನ್ನೂರಮ್ಮನವರಿಗೆ, ನಮಸ್ಕಾರ. ನಿಮ್ಮ ಕಾರ್ಡು ತಲುಪಿತು. ನನ್ನ ಕತೆಯಲ್ಲಿ ಸೂಲಗಿತ್ತಿ ಸಾಯುತ್ತಾಳೆ. 'ನಮ್ಮವ್ವ ಹನುಮಮ್ಮ ಬದುಕ್ಯಾಳ. ನಿನ್ನೆ ಎರಡು ಹೆರಿಗಿ ಮಾಡಿಸ್ಯಾಳ. ಆಕಿನ್ನ ಯಾಕ ಸಾಯಿಸಿದ್ರಿ?' ಎಂದು ಕೇಳಿದ್ದೀರಿ. ಓದುವವರು ಅಳಲಿ ಎಂದು ಸಾಯಿಸಿದೆ. ಬೇರೆ ಕಾರಣವಿಲ್ಲ. ನನ್ನನ್ನು ಭೂಮಿಗೆ ತಂದದ್ದೂ ಅವರ ಕೈಯೇ ಎಂಬುದು ಬರೆಯುವಾಗ ನೆನಪಾಗಲಿಲ್ಲ. ಏಳು ವರ್ಷ ನಾವು ಕುರುಗೋಡಿನ ಒಂದೇ ಸಾಲೆಯಲ್ಲಿ ಓದಿದೆವು. ನೀವು ಬಾಗಿಲ ಬಳಿ, ಬೇರೆಯಾಗಿ ಕೂರುತ್ತಿದ್ದಿರಿ. ನಾನು ನಿಮ್ಮೊಡನೆ ಒಂದು ಮಾತೂ ಆಡಲಿಲ್ಲ. ಈಗ ನೀವು ಮೊದಲ ಮಾತಿಗೇ ಬೈದದ್ದು ಸರಿಯಾಗಿದೆ. ಮುಂದಿನ ಕತೆಯನ್ನು ಅಚ್ಚಿಗೆ ಕೊಡುವ ಮೊದಲು ನಿಮಗೆ ಕಳಿಸಲೇ? ಓದಿ ಬೈಯಿರಿ."

ಸುಂಕಣ್ಣ ಬಾಯಿ ತೆರೆದು ಕೂತಿದ್ದ. "ನಮ್ಮವ್ವಂದಾ? ನಮ್ಮವ್ವನ ಹೆಸರು ಐತಾ ಅದರಾಗ?"

"ಐತಿ ಮಾಮ."

"ಇನ್ನೊಮ್ಮೆ ಓದು."

ಅವಳು ಇನ್ನೊಮ್ಮೆ ಓದಿದಳು. ಆಮೇಲೆ ಒಂದೊಂದಾಗಿ ಬಿಚ್ಚುತ್ತ ಹೋದಳು. ಹುಡುಕಿದ್ದು ಯಾವುದೋ ಒಂದು ಸಾಲನ್ನು, ಮೂವತ್ತು ವರ್ಷದಿಂದ ಹೆದರಿಕೊಂಡು ಬಂದ ಸಾಲನ್ನು. ಅದು ಎಲ್ಲಿಯೂ ಇರಲಿಲ್ಲ. ಕಾಗದಗಳ ತುಂಬ ಕತೆಯ ತಪ್ಪು, ಒಪ್ಪು, ಜಗಳ.

"ಹೆಣ್ಣುಮಕ್ಕಳು ಹಡೆಯುವಾಗ ದೇವರನ್ನು ಕರೆಯುವುದಿಲ್ಲ, ಗಂಡನನ್ನು ಬೈಯುತ್ತಾರೆ ಎಂದಿರಿ. ತಿದ್ದಿದ್ದೇನೆ."

"'ಹಸಿದವರು ಅನ್ನದ ಮಾತಾಡಂಗಿಲ್ಲ ಮೇಷ್ಟ್ರೇ, ಮಳಿ ಮಾತಾಡ್ತಾರ' ಎಂದು ಬರೆದಿದ್ದೀರಿ. ಈ ವಾಕ್ಯವನ್ನು ಕತೆಗೆ ತೆಗೆದುಕೊಳ್ಳಲೇ? ನಿಮ್ಮದೆಂದು ಹೇಳಲು ನೀವು ಬಿಡುವುದಿಲ್ಲ."

ಯಶೋಧರಾ ಪತ್ರವನ್ನು ತೊಡೆಯ ಮೇಲಿಟ್ಟಳು. ಆ ವಾಕ್ಯ ಅವಳು ಹೇಳುವ ಪಾಠದಲ್ಲಿತ್ತು. ಹದಿನಾರು ವರ್ಷದಿಂದ ಪರೀಕ್ಷೆಯಲ್ಲಿ ಅದನ್ನೇ ಕೊಟ್ಟು, ಸಂದರ್ಭ ಸಹಿತ ಸ್ವಾರಸ್ಯ ಬರೆಯಿರಿ ಎಂದು ಕೇಳುತ್ತಿದ್ದಳು. ನೂರಾರು ಮಕ್ಕಳು ಲೇಖಕರ ಜೀವನಾನುಭವವನ್ನು ಹೊಗಳಿ ಬರೆದಿದ್ದರು. ಅವಳು ಅಂಕ ಕೊಟ್ಟಿದ್ದಳು.

"ಯಾಕವ್ವ, ನಿಂದರಿಸಿದಿ?"

"ಏನಿಲ್ಲ ಮಾಮ." ಮುಂದಿನದನ್ನು ಬಿಚ್ಚಿದಳು. ಅದು ಅವಳು ಹುಟ್ಟಿದ ವರ್ಷದ್ದು.

"ಮಾರೆಪ್ಪನವರು ನಿಮ್ಮಿಂದ ಬುದ್ಧನ ಕತೆ ಓದಿಸಿಕೊಂಡು, ಮಗಳಿಗೆ ಯಶೋಧರಾ ಎಂದೇ ಹೆಸರಿಡಬೇಕೆಂದು ಹಟ ಹಿಡಿದರು ಎಂದು ತಿಳಿದು ಸಂತೋಷವಾಯಿತು. 'ಬಿಟ್ಟು ಹೋದವನ ಹೆಸರು ಎಲ್ಲಾರೂ ಇಟ್ಕೋತಾರ, ಮನಿ ನಡಿಸಿದಾಕಿ ಹೆಸರು ಯಾರೂ ಇಡಂಗಿಲ್ಲ' ಎಂದರಂತೆ. ಇಂಥ ಮಾತು ನನಗೆ ಹೊಳೆಯುವುದಿಲ್ಲ. ಹಿಂದಿನ ಕತೆಯ ಹಮಾಲಿಯ ಕೈ ಮೂಟೆ ಹೊರುವವನ ಕೈಯಲ್ಲ ಎಂದು ಅವರು ಹೇಳಿ ಕಳಿಸಿದ್ದೂ ತಲುಪಿತು. ಅವರ ಕೈ ಹೇಗಿದೆ, ದಯವಿಟ್ಟು ನೋಡಿ ಬರೆಯಿರಿ."

ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದುದಷ್ಟೇ ಅಲ್ಲ, ಊಟವಾದ ಮೇಲೆ ಗೋಡೆಗೊರಗಿ ಕೇಳುತ್ತಿದ್ದ, ನಗುತ್ತಿದ್ದ, ತಪ್ಪು ಹುಡುಕುತ್ತಿದ್ದ. ಅವ್ವ ಏನೋ ಓದುತ್ತಿದ್ದುದು, ಆ ಗುನುಗಿಗೆ ತನಗೆ ನಿದ್ದೆ ಹತ್ತುತ್ತಿದ್ದುದು ಯಶೋಧರಾಳಿಗೆ ಈಗ ನೆನಪಾಯಿತು.

"ಭಾವ ಹಂಗ ಇದ್ದ," ಎಂದ ಸುಂಕಣ್ಣ, ಮೂಗೊರೆಸಿಕೊಂಡು. "ನಾನ ಒಮ್ಮೆ ಅವಂಗ ಕೇಳಿದ್ದೆ. ಹಿಂಗ ಕಾಗದ ಬರ್ತಾವಲ್ಲ, ನಿನಗ ಏನೂ ಅನಸಂಗಿಲ್ಲೇನು ಅಂತ. ನಕ್ಕುಬಿಟ್ಟ. ನಕ್ಕದ್ದಕ್ಕ ನಾ ಅವನ್ನ ಹೇಡಿ ಅಂದ್ಕೊಂಡಿದ್ದೆ."

ತೊಂಬತ್ತೈದರ ಪತ್ರ ತುಂಬ ಚಿಕ್ಕದಿತ್ತು. "ಬಾಗಿಲಲ್ಲಿ ನಿಮ್ಮನ್ನೂ ಮಗಳನ್ನೂ ನೋಡಿದೆ. ನಿಮ್ಮ ಹೆಸರು ಎಲ್ಲೂ ಬರಕೂಡದೆಂದು ನೀವು ಹಾಕಿದ ಷರತ್ತು ಆವತ್ತು ನನಗೆ ಅನುಕೂಲವಾಯಿತು. ಅದರ ಹಿಂದೆ ಅಡಗಿಕೊಂಡೆ. ನಿಜ ಹೇಳುತ್ತೇನೆ, ಅಷ್ಟು ಜನರೆದುರು ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಸ್ನೇಹಿತೆ ಎಂದರೆ ಜನ ನಗುತ್ತಿದ್ದರು. ಆ ನಗುವಿಗೆ ಹೆದರಿದೆ. ನಿಮ್ಮ ಕೈಯಲ್ಲಿ ಚೀಲವಿತ್ತು. ಅದರಲ್ಲೇನಿತ್ತು ಎಂದು ಕೇಳುವ ಯೋಗ್ಯತೆ ನನಗಿಲ್ಲ."

*

ಎಂಟು ವರ್ಷದ ಹಿಂದೆ, ಬಳ್ಳಾರಿಯ ತನ್ನ ಮನೆಯಲ್ಲಿ, ಯಶೋಧರಾ ಕೇಳಿಯೇ ಬಿಟ್ಟಿದ್ದಳು.

ಅವ್ವ ಮೇಷ್ಟ್ರ ಹೊಸ ಪುಸ್ತಕ ಹಿಡಿದುಕೊಂಡು ಬಂದಿದ್ದಳು. ಅದನ್ನು ಕಂಡು ಅತ್ತೆ ಏನೋ ಕೊಂಕು ನುಡಿದರು. ಅವರು ಆಚೆ ಹೋಗುವುದನ್ನೇ ಕಾದು ಯಶೋಧರಾ ಬಾಗಿಲು ಹಾಕಿದಳು.

"ಖರೇ ಹೇಳು. ನಾ ಯಾರ ಮಗಳು?"

ಹಾಸಿಗೆಯ ಮೇಲೆ ಕೂತು ಮೊಮ್ಮಗಳ ಬಟ್ಟೆ ಮಡಚುತ್ತಿದ್ದ ಅವ್ವ ತಲೆಯೆತ್ತಲಿಲ್ಲ. ಉಳಿದಿದ್ದ ಎರಡು ಅಂಗಿಗಳನ್ನು ಮಡಚಿದಳು. ಅಂಚು ಕೂಡಿಸಿ, ಒತ್ತಿ, ಒಂದರ ಮೇಲೊಂದು ಇಟ್ಟಳು. ಆಮೇಲೆ ಚೀಲ ತೆಗೆದುಕೊಂಡು, "ನಾಲ್ಕರ ಬಸ್ ಸಿಗ್ತೈತಿ," ಎಂದು ಹೊರಟಳು.

ಮತ್ತೆ ಆ ಮನೆಗೆ ಬರಲಿಲ್ಲ. ಯಶೋಧರಾಳೇ ಹಬ್ಬಕ್ಕೆ ಸಿರುಗುಪ್ಪಕ್ಕೆ ಹೋಗುತ್ತಿದ್ದಳು. ಫೋನಿನಲ್ಲಿ ಊಟ ಆತಾ, ಬಿ.ಪಿ. ಗುಳಿಗಿ ತಗೊಂಡೆಯಾ ಎನ್ನುವುದಕ್ಕಿಂತ ಮುಂದೆ ಮಾತು ಹೋಗುತ್ತಿರಲಿಲ್ಲ.

ಮೂರನೇ ಕಟ್ಟಿನಲ್ಲಿ ಆ ವರ್ಷದ ಪತ್ರವಿತ್ತು. ಅದನ್ನು ಅವಳು ಸುಂಕಣ್ಣನಿಗೆ ಓದಿ ಹೇಳಲಿಲ್ಲ.

"ಮಗಳು ಕೇಳಿದ ಮಾತು ತಿಳಿಯಿತು. ನಾನೇ ಬಂದು ಹೇಳುತ್ತೇನೆ ಎಂದರೆ ಬೇಡ ಅನ್ನುತ್ತೀರಿ. 'ಹೇಳಿದ್ರ ನಂಬ್ತಾಳ ಮೇಷ್ಟ್ರೇ. ಆದ್ರ ಕೇಳಿದ್ದು ಹೋಗತೈತೇನು? ಆಕಿನ್ನ ಹಡದಾಗ ಮಾರೆಪ್ಪ ದವಾಖಾನಿ ಬಾಗಿಲಾಗ ಒಂದು ದಿನ ಪೂರಾ ಉಪಾಸ ಕುಂತಿದ್ದ. ಅದನ್ನ ನಾ ಸಾಕ್ಷಿ ಹಾಕಿ ಹೇಳ್ಬೇಕೇನು?' ಎಂದಿದ್ದೀರಿ. ನಲವತ್ತು ವರ್ಷದಲ್ಲಿ ನಾವು ಎದುರಾಬದುರು ಕೂತದ್ದು ಆರು ಸಲ. ಆರೂ ಸಲ ನನ್ನ ಕತೆಯ ಬಗ್ಗೆಯೇ ಮಾತಾಡಿದೆವು. ನಿಮ್ಮ ಬಗ್ಗೆ ನಾನು ಕೇಳಲೇ ಇಲ್ಲ. ಈಗ ಕೇಳುತ್ತಿದ್ದೇನೆ. ನಿಮಗೆ ಅಳು ಬಂತೇ?"

ಯಶೋಧರಾ ಬಿಳಿ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಅವ್ವನ ಕಾಲಿನ ಮೇಲೆ ತಲೆಯಿಟ್ಟಳು. "ಯವ್ವಾ," ಎಂದಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ.

ಸುಂಕಣ್ಣ ಅವಳ ಬೆನ್ನ ಮೇಲೆ ಕೈಯಿಟ್ಟ.

*

ಕುರುಗೋಡಿನ ಕೇರಿಯ ತುದಿಯಲ್ಲಿ ಕಾರು ನಿಂತಿತ್ತು. ಹುಣಸೆಮರದ ನೆರಳಲ್ಲಿ ಗಾಲಿಕುರ್ಚಿಯ ಮೇಲೆ ಕೂತ ಮುದುಕ, ಪಕ್ಕದಲ್ಲಿ ಇಳಕಲ್ ಸೀರೆಯ ಮುದುಕಿ. ಕೇರಿಯ ಜನ ದೂರದಲ್ಲಿ ಗುಂಪುಗೂಡಿ ನೋಡುತ್ತಿದ್ದರು. ಸುಂಕಣ್ಣ ವ್ಯಾನಿನಿಂದ ಇಳಿದು ಅವರತ್ತ ನಡೆದ. ಹಿಂದೆಯೇ ಯಶೋಧರಾ ಹೋದಳು.

ಮೇಷ್ಟ್ರ ಮುಖದ ಬಲಗಡೆ ಜೋತುಬಿದ್ದಿತ್ತು. ಬಲಗೈ ತೊಡೆಯ ಮೇಲೆ ಸತ್ತು ಮಲಗಿತ್ತು. ಸುಂಕಣ್ಣನನ್ನು ನೋಡಿ ತುಟಿ ಅಲುಗಿಸಿದರು. ದನಿ ಬಂತು, ಮಾತು ಬರಲಿಲ್ಲ.

"ಲಕ್ವ ಹೊಡದು ಎರಡು ವರ್ಷ ಆತಪ್ಪ," ಎಂದರು ಅವರ ಹೆಂಡತಿ ನಾಗಲಕ್ಷ್ಮಿ. "ಮಾತಿಲ್ಲ. ಕೇಳಸ್ತೈತಿ, ತಿಳೀತೈತಿ. ಮಂದಿ ಬಂದು ನೋಡೋದು ಬ್ಯಾಡ ಅಂತ ನಾವು ಯಾರಿಗೂ ಹೇಳಲಿಲ್ಲ. ನಿಮಗ ಬ್ಯಾಡ ಅನಿಸಿದ್ರ ದೂರದಿಂದನ ನೋಡಿ ಹೋಗ್ತೀವಿ."

ತಡೆಯಲೆಂದು ಬಂದಿದ್ದ ಸುಂಕಣ್ಣ ಪಕ್ಕಕ್ಕೆ ಸರಿದ. ಯಶೋಧರಾ ಮುಂದೆ ಬಂದಳು.

"ಎರಡು ವರ್ಷ ಅಂದ್ರಿ. ಹೋದ ತಿಂಗಳದ್ದೂ ಪತ್ರ ಐತಲ್ರೀ ಅಮ್ಮಾ?"

ನಾಗಲಕ್ಷ್ಮಿ ನೆಲ ನೋಡಿದರು. "ಅವು ನಾ ಬರದವು. ಇವ್ರ ಅಕ್ಷರದಂಗ ತಿದ್ದಿ ತಿದ್ದಿ." ಗಂಡನ ಹೆಗಲ ಮೇಲೆ ಕೈಯಿಟ್ಟರು. "ದವಾಖಾನಿಯಿಂದ ಬಂದ ಮ್ಯಾಲೆ ಇವ್ರು ತುತ್ತು ಬಾಯಿಗೆ ತಗೋತಿದ್ದಿಲ್ಲ. ಒಂದಿನ ನಿಮ್ಮವ್ವನ ಕಾರ್ಡು ಬಂತು. ಓದಿ ಹೇಳಿದೆ. ಆವತ್ತು ಉಂಡ್ರು. ಆಕಿ ಬರೀಬೇಕಂದ್ರ ಇಲ್ಲಿಂದ ಉತ್ತರ ಹೋಗಬೇಕಲ್ಲವ್ವ? ಅದಕ್ಕ ಬರದೆ. ಮೋಸ ಮಾಡಿದೆ ಅನ್ನು, ಏನರ ಅನ್ನು. ಮದುವಿ ಆದ ಹೊಸದಾಗಿ ಆಕಿ ಕಾರ್ಡು ನೋಡಿ ಹೊಟ್ಟಿಕಿಚ್ಚಿಲೆ ಸತ್ತಾಕಿ ನಾನು. ಕಡೀಕ ಪೋಸ್ಟ್‌ಮನ್ ದಾರಿ ಇವ್ರಿಗಿಂತ ಮೊದಲು ನಾನ ಕಾಯ್ತಿದ್ದೆ."

ಯಶೋಧರಾ ಬ್ಯಾಗಿನಿಂದ ಆ ಬಿಡಿ ಇನ್‌ಲ್ಯಾಂಡ್ ತೆಗೆದಳು. ವಿಳಾಸವನ್ನು ಅವಳು ಈಗಲೇ ಸರಿಯಾಗಿ ನೋಡಿದ್ದು. ಅದರ ಮೇಲೆ ಮೇಷ್ಟ್ರ ಹೆಸರಿರಲಿಲ್ಲ.

"ಇದು ನಿಮಗ ಬರದದ್ರಿ. ಪೋಸ್ಟಿಗೆ ಹಾಕಿದ್ದಿಲ್ಲ."

ನಾಗಲಕ್ಷ್ಮಿ ಅದನ್ನು ತೆಗೆದುಕೊಂಡು, ಹಿಂದೆ ಮುಂದೆ ನೋಡಿ, ಮತ್ತೆ ಚಾಚಿದರು. "ಕಣ್ಣಾಗ ನೀರು ತುಂಬಿ ಅಕ್ಷರ ಕಾಣವಲ್ದು. ನೀನ ಓದವ್ವ. ಇವ್ರಿಗೂ ಕೇಳಲಿ."

ಯಶೋಧರಾ ಅಂಚು ಹರಿದು ಓದಿದಳು.

"ನಾಗಲಕ್ಷ್ಮಿ ಅಕ್ಕಾರಿಗೆ, ನಮಸ್ಕಾರ. ಸಿಟ್ಟಾಗಬ್ಯಾಡ್ರಿ. ನೀವು ಬರದ ಮೊದಲನೇ ಪತ್ರ ಬಿಚ್ಚಿದ ಕೂಡಲೇ ನನಗ ಗೊತ್ತಾತು. ಅಕ್ಷರ ಭಾಳ ಚಲೋ ತಿದ್ದೀರಿ. ಆದ್ರ ಮೇಷ್ಟ್ರು ಇಷ್ಟು ವರ್ಷದಾಗ ಒಮ್ಮೆನೂ ಮೊಣಕಾಲು ನೋವು ಹೆಂಗೈತಿ ಅಂತ ಕೇಳಿದವರಲ್ಲ. ತಮ್ಮ ಕತಿ ಹೆಂಗೈತಿ ಅಂತ ಕೇಳೋರು. ಇದು ಹೆಂಗಸಿನ ಪತ್ರ ಅಂದ್ಕೊಂಡೆ. ಮೇಷ್ಟ್ರಿಗೆ ಏನೋ ಆಗೈತಿ ಅಂತ ಆವತ್ತು ಊಟ ಸೇರಲಿಲ್ಲ. ಕೇಳಿದ್ರ ನೀವು ಬರಿಯೋದು ನಿಲ್ಲಿಸ್ತೀರಿ ಅಂತ ಸುಮ್ನಾದೆ. ನನಗ ಮೊಣಕಾಲು ಕೇಳೋರು ಬೇಕಾಗಿದ್ರು."

ಗಾಲಿಕುರ್ಚಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾಗಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಇನ್ನೊಂದು ಮಾತು. ದೀಪಾವಳಿಗೆ ಮಗಳು ಬರ್ತೀನಿ ಅಂದಾಳ. ಈ ಸಲ ಟ್ರಂಕಿನ ಕೀಲಿ ಆಕಿ ಕೈಗೆ ಕೊಡ್ತೀನಿ. ಎಲ್ಲಾ ಓದ್ಲಿ. ಆಕಿ ಕೇಳಿದ್ದಕ್ಕ ಆವತ್ತು ಸಿಟ್ಟು ಬಂದು ಎದ್ದು ಬಂದೆ. ಕುಂತು ಹೇಳಬೇಕಾಗಿತ್ತು. ಎಂಟು ವರ್ಷ ಆತು, ಇಬ್ಬರಿಗೂ ಊಟ ಆತಾ ಅಂತ ಕೇಳಿ ಕೇಳಿ ಸಾಕಾಗೈತಿ. ಆಕಿಗೂ ಹಂಗ ಆಗಿರಬೇಕು, ನನ್ನ ಮಗಳಲ್ಲೇನು? ಬಂದಾಗ..."

ಅವಳಿಗೆ ಮುಂದೆ ಓದಲಾಗಲಿಲ್ಲ. ದೀಪಾವಳಿಗೆ ಇನ್ನು ಎಂಟು ದಿನವಿತ್ತು. ನಾಗಲಕ್ಷ್ಮಿ ಅವಳನ್ನು ಎಳೆದು ಎದೆಗೆ ಒತ್ತಿಕೊಂಡರು. ಇಬ್ಬರೂ ಹುಣಸೆಮರದ ಕೆಳಗೆ ಗಟ್ಟಿಯಾಗಿ ಅತ್ತರು. ಕೇರಿಯ ಹೆಂಗಸರು ಆಗ ದೂರ ನಿಲ್ಲದೆ ಹತ್ತಿರ ಬಂದರು.

ಸುಂಕಣ್ಣ ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡ. ಗಾಲಿಕುರ್ಚಿಯ ಹಿಂದೆ ಹೋಗಿ ಹಿಡಿಕೆಗೆ ಕೈ ಹಾಕಿದ.

"ಹೊತ್ತು ಇಳೀತೈತಿ," ಎಂದ. "ನಡೀರಿ ಮೇಷ್ಟ್ರೇ."

ಸ್ಮಶಾನದ ದಾರಿಯಲ್ಲಿ ಬರೀ ಕಲ್ಲು. ಗಾಲಿ ಸಿಕ್ಕಿಕೊಂಡಲ್ಲೆಲ್ಲ ಸುಂಕಣ್ಣ ಕುರ್ಚಿಯನ್ನೇ ಎತ್ತಿ ದಾಟಿಸಿದ. ಗುಡ್ಡದ ಬಂಡೆಗಳ ಕೆಳಗೆ, ಹನುಮಮ್ಮನ ಸಮಾಧಿಯ ಪಕ್ಕದಲ್ಲಿ ಕುಣಿ ತೆಗೆದಿದ್ದರು. ಹಿರಿಯನೊಬ್ಬ ಬುದ್ಧವಂದನೆ ಹೇಳಿದ. ಹೊನ್ನೂರಮ್ಮನನ್ನು ಇಳಿಸಿದರು. ಯಶೋಧರಾ ಮೊದಲ ಹಿಡಿ ಹಾಕಿದಳು, ಆಮೇಲೆ ಸುಂಕಣ್ಣ, ಆಮೇಲೆ ನಾಗಲಕ್ಷ್ಮಿ.

ಸುಂಕಣ್ಣ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೇಷ್ಟ್ರ ಎಡಗೈಗೆ ಸುರಿದ.

"ಬಲಗೈಲೆ ಹಾಕಬೇಕು," ಎಂದರು ಯಾರೋ.

"ಯಾವ ಕೈ ಜೀವಂತ ಐತೋ ಆ ಕೈಲೆ ಹಾಕ್ತಾರ. ಸುಮ್ನಿರ್ರಿ."

ಅವನು ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಕುಣಿಯ ಮೇಲಕ್ಕೆ ಚಾಚಿದ. ಮೇಷ್ಟ್ರು ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಬಿಚ್ಚಬೇಕಾದ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು.

"ಬಿಡ್ರಿ ಮೇಷ್ಟ್ರೇ," ಎಂದ ಸುಂಕಣ್ಣ ಮೆಲ್ಲಗೆ. "ಬಿಡ್ರಿ, ಆಕಿ ಹೋಗಲಿ."

ಅವರು ಒಲ್ಲೆನೆಂಬಂತೆ ತಲೆಯಲ್ಲಾಡಿಸಿದರು. ಸುಂಕಣ್ಣ ಆ ಕೈಯನ್ನು ಹಾಗೆಯೇ ತಂದು ಅವರ ಮಡಿಲಲ್ಲಿಟ್ಟ. ಗುದ್ದಲಿಗಳು ಕುಣಿ ಮುಚ್ಚತೊಡಗಿದವು.

ಬಂಡೆಗಳ ನೆರಳು ಉದ್ದವಾದಾಗ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಕೂತ ಮೇಷ್ಟ್ರು ಎಡಗೈಯನ್ನು ಕಿಟಕಿಯ ಅಂಚಿನ ಮೇಲಿಟ್ಟಿದ್ದರು. ಒದ್ದೆ ಬಟ್ಟೆಯಿಂದ ಕೈ ಒರೆಸಲು ಹೋದ ನಾಗಲಕ್ಷ್ಮಿ ಅದನ್ನು ಹಾಗೆಯೇ ಬಿಟ್ಟರು. ಕಾರು ಕೇರಿ ದಾಟಿ ಬಳ್ಳಾರಿ ರಸ್ತೆಗೆ ತಿರುಗಿತು. ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು.